ಲಾರಿ ಚಾಲಕನ ಕೂಲಿಯೂ ಸರ್ಕಾರದ ಕರವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಉಜ್ಜಿನಿ)

ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು ನಮ್ಮ ಕಡೆಯ ಹಿರಿಯರು ಹೇಳುವುದುಂಟು. ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆಯನ್ನು ಕಂಡವರ ಬಾಯಲ್ಲಿ ಹುಟ್ಟಿದ ಮಾತು ಅದು. ಈ ಮಾತು ಲಾರಿಗೂ ಸಲ್ಲುವುದೆಂದು ನನಗೆ ಅನೇಕ ವೇಳೆ ತೋರಿದೆ. ಹೊರಗಿನಿಂದ ನೋಡಿದರೆ ಬಣ್ಣ ಬಳಿದ ಹಲಗೆಗಳು, ಹಣೆಯ ಮೇಲೆ ಮನೆದೇವರ ಹೆಸರು, ಹಿಂದೆ ಒಂದು ಹುರುಪಿನ ಸಾಲು. ಒಳಗೆ ಕುಳಿತು ರಾತ್ರಿಯೆಲ್ಲ ಚಕ್ರ ತಿರುವುವವನಿಗೆ ಏನು ಸಿಕ್ಕಿತು, ಏನು ಕಡಿತವಾಯಿತು, ನಾಳೆ ಅವನಿಗೇನಾದರೂ ಆದರೆ ಹೊಣೆ ಯಾರದು ಎಂಬುದನ್ನು ಒಳಗೆ ಇಣುಕಿ ನೋಡುವವರು ವಿರಳ.

ನಾನು ಲಾರಿ ಚಾಲಕರೊಬ್ಬರ ಮಗಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಈ ವಿಷಯವನ್ನು ನಾನು ನಿಷ್ಪಕ್ಷಪಾತವಾಗಿ ಬರೆಯುವೆನೆಂದು ವಾಚಕರು ನಿರೀಕ್ಷಿಸಬಾರದು. ಆದರೆ ಲೆಕ್ಕವನ್ನು ಮಾತ್ರ ಸರಿಯಾಗಿ ಹೇಳುವೆನೆಂದು ಭರವಸೆ ಕೊಡಬಲ್ಲೆ.

ನಮ್ಮ ಸೀಮೆಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದವು. ಮೆಕ್ಕೆಜೋಳ, ಜೋಳ, ಶೇಂಗಾ, ಅಷ್ಟಿಷ್ಟು ಈರುಳ್ಳಿ. ಬೆಳೆ ಮನೆಗೆ ಬಂದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಕೆಲವರು ಗುಳೆ ಹೋಗುವರು. ಲೈಸೆನ್ಸು ಇದ್ದವರು ಲಾರಿ ಹತ್ತುವರು. ಕೂಡ್ಲಿಗಿಯ ಮೇಲೆ ಹಾಯ್ದು ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಒಂದು ಸಂಜೆ ನಿಂತರೆ ಎಷ್ಟು ಗಾಡಿಗಳು ಹೋಗುವವೆಂಬುದು ತಿಳಿಯುತ್ತದೆ. ಅವುಗಳಲ್ಲಿ ಕುಳಿತವರೆಲ್ಲರೂ ವರ್ಷವಿಡೀ ಅದೇ ಕೆಲಸದವರೆಂದು ಭಾವಿಸಬೇಡಿ. ದಸರೆಗೆ ಹತ್ತಿ ಯುಗಾದಿಗೆ ಇಳಿಯುವವರು ಅನೇಕರು. ಖಾಯಂ ಡ್ರೈವರು ಊರಿಗೆ ಹೋದಾಗ ಒಂದು ಟ್ರಿಪ್ಪಿಗೆ, ಎರಡು ಟ್ರಿಪ್ಪಿಗೆ ಬದಲಿಯಾಗಿ ಹೋಗುವವರೂ ಇದ್ದಾರೆ. ಇವರನ್ನು ಯಾರೂ ನೌಕರರೆನ್ನುವುದಿಲ್ಲ. 'ನಿನ್ನ ಕೆಲಸಕ್ಕೆ ನೀನೇ ಮಾಲೀಕ' ಎನ್ನುವರು. ಈ ಮಾಲೀಕತನದ ಬೆಲೆ ಎಷ್ಟೆಂಬುದೇ ನನ್ನ ಪ್ರಶ್ನೆ.

ಮೊದಲು ಕೂಲಿಯ ಬಗೆಗಳನ್ನು ಹೇಳುತ್ತೇನೆ, ಏಕೆಂದರೆ ನಮ್ಮ ಅಧ್ಯಾಪಕರಲ್ಲಿಯೂ ಅನೇಕರಿಗೆ ಇದು ಪರಿಚಿತವಲ್ಲ. ತಿಂಗಳ ಸಂಬಳದ ಜೊತೆಗೆ ದಿನದ ಬಾಟಾ ಕೊಡುವುದು ಒಂದು ಬಗೆ. ಬಂದ ಬಾಡಿಗೆಯಲ್ಲಿ ಚಾಲಕನಿಗೆ ಇಷ್ಟು ಪಾಲೆಂದು ಗೊತ್ತುಮಾಡುವುದು ಇನ್ನೊಂದು. ಮೂರನೆಯದು ಟ್ರಿಪ್ಪಿನ ಗುತ್ತಿಗೆ: ಡೀಸೆಲ್ಲು, ದಾರಿಯ ಖರ್ಚು, ಕ್ಲೀನರನ ಊಟ, ಹಮಾಲಿ ಎಲ್ಲವೂ ಸೇರಿ ಒಂದು ಮೊತ್ತವನ್ನು ಕೈಗೆ ಕೊಟ್ಟು, 'ಉಳಿದದ್ದು ನಿನ್ನದು' ಎಂದುಬಿಡುವುದು. ಕೇಳುವುದಕ್ಕೆ ಇದು ಬಲು ಉದಾರವಾಗಿದೆ. ಆದರೆ ಉಳಿಸಬೇಕಾದರೆ ಊಟ ಬಿಡಬೇಕು, ನಿದ್ದೆ ಬಿಡಬೇಕು, ಎರಡು ದಿನದ ದಾರಿಯನ್ನು ಒಂದೂವರೆ ದಿನದಲ್ಲಿ ಮುಗಿಸಬೇಕು. ಟೈರು ಒಡೆದರೆ, ಘಾಟಿಯಲ್ಲಿ ಗಾಡಿ ನಿಂತರೆ, ಮಂಡಿಯಲ್ಲಿ ಇಳಿಸುವುದು ತಡವಾದರೆ ಉಳಿಯಬೇಕಾದದ್ದು ಕರಗುತ್ತದೆ. ಮೂರು ಬಗೆಗಳಲ್ಲಿ ಇದು ಅತ್ಯಂತ ಕೆಟ್ಟದ್ದೆಂಬುದು ನನ್ನ ಅಭಿಪ್ರಾಯ. ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಒಂದೆರಡು ಲಾರಿ ಇಟ್ಟವರು ಅದರ ಹೊರಗೆ ಉಳಿದರು. ಆ ಕಾಯಿದೆಯೂ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಲೀನವಾಗಿದೆ.

ಇನ್ನು ಕರದ ಮಾತು. ಇಲ್ಲಿ ನಮ್ಮ ಮನೆಯ ಸಂಗತಿಯನ್ನು ಹೇಳದೆ ಗತ್ಯಂತರವಿಲ್ಲ.

2023ರ ದಸರೆಯ ನಂತರ ನಮ್ಮ ತಂದೆ ದೂರದ ಪಟ್ಟಣದ ಒಂದು ಸಾಗಣೆ ಕಚೇರಿಯವರಲ್ಲಿ ಟ್ರಿಪ್ಪಿನ ಲೆಕ್ಕದ ಮೇಲೆ ದುಡಿದರು. ಆರು ತಿಂಗಳಿಗೆ ಅವರ ಕೂಲಿ ₹1,20,000 ಆಯಿತು. ಕಡೆಯ ಲೆಕ್ಕದ ದಿನ ಕೈಗೆ ಬಂದದ್ದು ಅದಕ್ಕಿಂತ ₹24,000 ಕಡಿಮೆ. "ಸಾವುಕಾರ್ರೆ, ಇಷ್ಟ್ಯಾಕೆ ಕಡಿಮೆ ಐತೆ?" ಎಂದು ಕೇಳಿದರಂತೆ. "ಅದು ಟ್ಯಾಕ್ಸಪ್ಪಾ, ಸರ್ಕಾರಕ್ಕೆ ಹೋಗೈತೆ" ಎಂಬ ಉತ್ತರ ಬಂತು. ಸರ್ಕಾರಕ್ಕೆ ಹೋಯಿತೆಂದ ಮೇಲೆ ತಂದೆ ಮರುಮಾತಾಡಲಿಲ್ಲ. ಸರ್ಕಾರವೆಂದರೆ ಅವರಿಗೆ ಮಳೆಯಿದ್ದಂತೆ. ಏಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ.

ಇದು ಯಾವ ಕರವೆಂದು ತಿಳಿಯಲು ನನಗೆ ಒಂದು ವರ್ಷವೇ ಹಿಡಿಯಿತು. ನಮ್ಮ ಅರ್ಥಶಾಸ್ತ್ರದ ಗುರುಗಳು ಕುಳಿತು ವಿವರಿಸಿದಾಗ ಅರ್ಥವಾದದ್ದು ಇಷ್ಟು. 1961ರ ವರಮಾನ ತೆರಿಗೆ ಕಾಯಿದೆಯ 194ಸಿ ಕಲಮಿನ ಪ್ರಕಾರ, ಗುತ್ತಿಗೆಯ ಮೇಲೆ ಕೆಲಸ ಮಾಡಿದವನಿಗೆ ಒಂದು ಸಲಕ್ಕೆ ₹30,000ಕ್ಕೆ ಮೇಲೆ ಅಥವಾ ವರ್ಷಕ್ಕೆ ಒಟ್ಟು ₹1,00,000ಕ್ಕೆ ಮೇಲೆ ಹಣ ಕೊಡುವಾಗ ನೂರಕ್ಕೆ ಒಂದು ರೂಪಾಯಿ ಕಡಿದು ಸರ್ಕಾರಕ್ಕೆ ಕಟ್ಟಬೇಕು. ಆದರೆ ಅವನು ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತ ನೂರಕ್ಕೆ ಇಪ್ಪತ್ತು. ತಂದೆಯವರ ಹತ್ತಿರ ಪ್ಯಾನ್ ಚೀಟಿ ಇತ್ತು. ಬ್ಯಾಂಕಿನವರು ಕೇಳಿದರೆಂದು ಮಾಡಿಸಿದ್ದು, ಅಮ್ಮನ ಟ್ರಂಕಿನಲ್ಲಿ ಸೀರೆಯ ಕೆಳಗೆ ಭದ್ರವಾಗಿತ್ತು. ಕೊಡಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಕೊಟ್ಟಿದ್ದರೆ ಕಡಿತ ₹1,200 ಮಾತ್ರ ಆಗುತ್ತಿತ್ತು. ಅದನ್ನೂ ಹಿಂದಕ್ಕೆ ಪಡೆಯಬಹುದಾಗಿತ್ತು, ಏಕೆಂದರೆ ಅವರ ವರಮಾನ ಕರದ ಗೆರೆಗಿಂತ ಬಹಳ ಕೆಳಗಿತ್ತು. 2025ರ ಏಪ್ರಿಲಿನಿಂದೀಚೆಗೆ ಹೊಸ ಪದ್ಧತಿಯಲ್ಲಿ ₹4,00,000ವರೆಗೆ ಕರವೇ ಇಲ್ಲ, ಸಾಮಾನ್ಯ ವರಮಾನ ₹12,00,000 ದಾಟದಿದ್ದರೆ ರಿಯಾಯಿತಿಯ ಮೂಲಕ ಕರ ಸೊನ್ನೆಯಾಗುತ್ತದೆ. ನಮ್ಮ ಊರಿನ ಯಾವ ಬದಲಿ ಡ್ರೈವರೂ ಈ ಗೆರೆಯ ಹತ್ತಿರಕ್ಕೂ ಸುಳಿಯಲಾರ. ಕರ ಕೊಡಬೇಕಾಗಿಲ್ಲದವನೇ ನೂರಕ್ಕೆ ಇಪ್ಪತ್ತು ಕೊಟ್ಟು ಬಂದನೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಕಾಲೇಜಿನ ಕಂಪ್ಯೂಟರಿನಲ್ಲಿ ತಂದೆಯವರ ಹೆಸರಿನ 26ಎಎಸ್ ಎಂಬ ಪಟ್ಟಿಯನ್ನು ತೆಗೆದು ನೋಡಿದೆವು. ಯಾರು ನಮ್ಮ ಹೆಸರಿನಲ್ಲಿ ಎಷ್ಟು ಕರ ಕಟ್ಟಿದ್ದಾರೆಂಬುದು ಅದರಲ್ಲಿ ಕಾಣುತ್ತದೆ. ಹಾಳೆ ಖಾಲಿ. ಸಂಖ್ಯೆ ಕೊಟ್ಟಿರಲಿಲ್ಲವಾದ ಕಾರಣ ಅವರ ಹೆಸರಿಗೆ ಏನೂ ಸೇರಿರಲಿಲ್ಲ. ಕಡಿದವರು ತಮ್ಮ ಲೆಕ್ಕಪತ್ರವನ್ನು ತಿದ್ದಿ ಪ್ಯಾನ್ ಸಂಖ್ಯೆ ಸೇರಿಸಿದರೆ ಮಾತ್ರ ಮುಂದಿನ ದಾರಿ. ನಿಜವಾಗಿ ಕಟ್ಟಿದ್ದರೋ ಇಲ್ಲವೋ ಎಂಬುದು ಆ ಹಾಳೆಯಿಂದ ಗೊತ್ತಾಗುವಂತಿರಲಿಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ತಾಯಿ ಹೇಳಿದ ಮಾತು ನನ್ನ ಅರ್ಥಶಾಸ್ತ್ರವನ್ನೆಲ್ಲ ತಲೆಕೆಳಗು ಮಾಡಿತು. "ಆ ರೊಕ್ಕ ಹೋದ್ರೆ ಹೋಗ್ಲಿ ಬಿಡವ್ವಾ. ಟ್ಯಾಕ್ಸಿನ ಕಾಗದ ಅಂತ ಬರೆದು ಕೊಟ್ಟು ಇರೋ ಕಾರ್ಡು ಕಳಕೊಳ್ಳೋದು ಬ್ಯಾಡ." ಆಕೆಯ ಭಯ ನಿರಾಧಾರವಲ್ಲ. 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಬಿ.ಪಿ.ಎಲ್. ಕಾರ್ಡುಗಳು ರದ್ದಾದ ಗದ್ದಲ ನಿಮಗೆ ನೆನಪಿರಬಹುದು. ಕೊನೆಗೆ ವರಮಾನ ತೆರಿಗೆ ಕಟ್ಟುವವರ ಮತ್ತು ಸರ್ಕಾರಿ ನೌಕರರ ಕಾರ್ಡುಗಳನ್ನು ಬಿಟ್ಟು ಉಳಿದವರದನ್ನು ಮುಂದುವರಿಸುವುದಾಗಿ ಸರ್ಕಾರ ಹೇಳಿತು. ಗೃಹಲಕ್ಷ್ಮಿಯ ತಿಂಗಳ ₹2,000 ಕೂಡ ತೆರಿಗೆ ಕಟ್ಟುವವರ ಮನೆಗೆ ಇಲ್ಲ. ತಂದೆಯವರಿಂದ ಕಡಿದ ಹಣವು ತಾಯಿಯ ಒಂದು ವರ್ಷದ ಗೃಹಲಕ್ಷ್ಮಿಗೆ ಸರಿಯಾಗಿ ಸಮ. ಕಡಿದ ಹಣವನ್ನು ಮರಳಿ ಕೇಳಲು ಲೆಕ್ಕ ಸಲ್ಲಿಸುವವನು ಬೇರೆ, ಕರ ಕಟ್ಟುವವನು ಬೇರೆ. ಕಾಯಿದೆಯಲ್ಲಿ ಈ ಭೇದವಿದೆ. ಆದರೆ ಆಹಾರ ಇಲಾಖೆಯ ಪಟ್ಟಿಯನ್ನು ತಯಾರಿಸುವವರ ಕೈಯಲ್ಲಿ ಈ ಭೇದ ಉಳಿಯುವುದೆಂದು ನಮ್ಮ ತಾಯಿಗೆ ನಂಬಿಕೆಯಿಲ್ಲ. ಸರ್ಕಾರವು ಈ ಒಂದು ಮಾತನ್ನು ಪ್ರತಿಯೊಂದು ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದರೆ ನಮ್ಮಂಥವರಿಗೆ ಬಹಳ ಉಪಕಾರವಾಗುತ್ತದೆ.

ಸ್ವಂತ ಲಾರಿ ಇಟ್ಟು ತಾನೇ ಓಡಿಸುವವನ ಕಥೆ ಬೇರೆ. ಅವನಿಗೆ ಕಾಯಿದೆಯಲ್ಲಿ ಒಂದು ಸುಲಭದ ದಾರಿ ಇದೆ. ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದವನು ಲೆಕ್ಕದ ಪುಸ್ತಕ ಇಡಬೇಕಾಗಿಲ್ಲ. 44ಎಇ ಕಲಮಿನ ಮೇರೆಗೆ ಹನ್ನೆರಡು ಟನ್ನಿಗಿಂತ ಭಾರದ ಗಾಡಿಗೆ ಟನ್ನಿಗೆ ತಿಂಗಳಿಗೆ ₹1,000ದಂತೆ, ಉಳಿದ ಗಾಡಿಗೆ ತಿಂಗಳಿಗೆ ₹7,500ರಂತೆ ವರಮಾನವೆಂದು ಎಣಿಸಿಕೊಳ್ಳುವರು. ಟನ್ನೆಂದರೆ ಸರಕು ಸೇರಿದ ಒಟ್ಟು ತೂಕ. 28 ಟನ್ನಿನ ಹತ್ತು ಚಕ್ರದ ಒಂದು ಲಾರಿಗೆ ಇದು ವರ್ಷಕ್ಕೆ ₹3,36,000 ಆಗುತ್ತದೆ. ಬೇರೆ ಆದಾಯವಿಲ್ಲದಿದ್ದರೆ ಕರ ಬರುವುದಿಲ್ಲ. ಸಾಲದ ಮೇಲೆ ಕೊಂಡು ಕಂತು ಕಟ್ಟುತ್ತಿರುವವನನ್ನೂ ಮಾಲೀಕನೆಂದೇ ಎಣಿಸುವರು. ಅವನು ಪ್ಯಾನ್ ಸಂಖ್ಯೆಯೊಡನೆ ಒಂದು ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ಒಂದು ರೂಪಾಯಿಯನ್ನೂ ಕಡಿಯುವಂತಿಲ್ಲ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿಟ್ಟುಕೊಂಡ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ, ಏರ್ಪಾಡು ಉಳಿದಿದೆ.

ಇದು ಒಳ್ಳೆಯ ಏರ್ಪಾಡೇ. ಆದರೆ ಒಂದು ದೋಷವಿದೆ. ಗಾಡಿ ಓಡಿದ ತಿಂಗಳನ್ನಲ್ಲ, ಗಾಡಿ ಇದ್ದ ತಿಂಗಳನ್ನು ಕಾಯಿದೆ ಎಣಿಸುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಅದು ನ್ಯಾಯವಾದ ಆಜ್ಞೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಡೂರಿನ ಗುಡ್ಡಗಳಿಗೆ ಆದದ್ದನ್ನು ಕಣ್ಣಿದ್ದವರು ನೋಡಿದ್ದಾರೆ. ಆದರೆ ಅದಿರನ್ನೇ ನಂಬಿ ಸಾಲ ಮಾಡಿ ಲಾರಿ ಕೊಂಡವರ ಗಾಡಿಗಳು ಮನೆಯ ಮುಂದೆ ನಿಂತವು. ನಿಂತ ಗಾಡಿಗೂ ಆಗಿನ ಲೆಕ್ಕದಲ್ಲಿ ತಿಂಗಳಿಗೆ ₹5,000 ವರಮಾನವಿದೆಯೆಂದು ಕಾಯಿದೆ ಭಾವಿಸುತ್ತಿತ್ತು. ಇಲ್ಲವೆಂದು ಸಾಧಿಸಬೇಕಾದರೆ ಪುಸ್ತಕ ಇಟ್ಟು ಲೆಕ್ಕಪರಿಶೋಧನೆ ಮಾಡಿಸಬೇಕು. ಎತ್ತು ಕೊಟ್ಟಿಗೆಯಲ್ಲಿ ಮಲಗಿದ್ದರೂ ಉಳುಮೆಯ ಲೆಕ್ಕ ಬರೆದಂತಾಯಿತು. ಓಡದ ತಿಂಗಳನ್ನು ಟೋಲಿನ ದಾಖಲೆಯಿಂದಲೇ ಕಂಡುಕೊಳ್ಳಬಹುದಾದ ಈ ಕಾಲದಲ್ಲಿ ಇದನ್ನು ತಿದ್ದುವುದು ಕಷ್ಟವೇನಲ್ಲ.

ಜಿ.ಎಸ್.ಟಿ.ಯ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ತಾನಾಗಿ ಬಿಲ್ಟಿ ಬರೆಯದೆ ಬರಿಯ ಗಾಡಿ ಓಡಿಸಿ ಸರಕು ಸಾಗಿಸುವವನಿಗೆ ಅದು ತಗಲುವುದಿಲ್ಲ. ಅದು ಸಾಗಣೆ ಏಜೆನ್ಸಿಗಳ ಪಾಡು.

ಈಗ ಮತ್ತೆ ಗಾಡಿ ಇಲ್ಲದ 'ಮಾಲೀಕ'ನ ಬಳಿಗೆ ಬರೋಣ. ಅವನನ್ನು ನೌಕರನೆಂದರೂ ಕರ ಸೊನ್ನೆ, ಗುತ್ತಿಗೆದಾರನೆಂದರೂ ಕರ ಸೊನ್ನೆ. ಹಾಗಾದರೆ ಹೆಸರಿನಿಂದ ಏನಾಗಬೇಕು ಎಂದು ಕೇಳಬಹುದು. ಬ್ರಿಟನ್ನಿನ ಉದಾಹರಣೆಯನ್ನು ನೋಡಿ. ಅಲ್ಲಿ ಅನೇಕ ಲಾರಿ ಚಾಲಕರು ಒಬ್ಬೊಬ್ಬರೇ ಒಂದೊಂದು ಕಂಪನಿ ಮಾಡಿಕೊಂಡು, ನೌಕರರಂತೆಯೇ ದುಡಿದು, ಕಂಪನಿಯ ಹೆಸರಿನಲ್ಲಿ ಹಣ ಪಡೆದು ಕರ ಉಳಿಸುತ್ತಿದ್ದರು. 2000ದಲ್ಲಿ ಸರ್ಕಾರ ಇದಕ್ಕೆ ನಿಯಮ ಮಾಡಿತು. 2021ರ ಏಪ್ರಿಲಿನಿಂದ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಸಂಸ್ಥೆಗಳೇ ದುಡಿಯುವವನು ನಿಜವಾಗಿ ಸ್ವತಂತ್ರನೋ ನೌಕರನೋ ಎಂದು ತೀರ್ಮಾನಿಸಬೇಕೆಂದಿತು. ಅಲ್ಲಿ ಸ್ವತಂತ್ರನೆನಿಸಿಕೊಂಡರೆ ಚಾಲಕನಿಗೆ ಲಾಭವಿತ್ತು, ಸರ್ಕಾರದ ಬೊಕ್ಕಸಕ್ಕೆ ನಷ್ಟವಿತ್ತು. ಆದುದರಿಂದ ಸರ್ಕಾರ ಬೆನ್ನು ಹತ್ತಿತು. ನಮ್ಮಲ್ಲಿ ಬೊಕ್ಕಸಕ್ಕೆ ನಷ್ಟವಿಲ್ಲ. ನಷ್ಟವೆಲ್ಲ ಚಾಲಕನದೇ ಆದುದರಿಂದ ಯಾರೂ ಬೆನ್ನು ಹತ್ತಿಲ್ಲ.

ಆ ನಷ್ಟ ಎಂಥದೆಂಬುದು ನಮಗೆ ತಿಳಿದದ್ದು 2025ರ ಜನವರಿಯಲ್ಲಿ. ತಂದೆ ಬೇರೊಬ್ಬರ ಗಾಡಿಯ ಮೇಲೆ ಮಂಗಳೂರಿನ ದಾರಿಯಲ್ಲಿದ್ದರು. ರಾತ್ರಿ ಹಿಂದಿನ ಚಕ್ರ ಬಿಚ್ಚುವಾಗ ಜಾಕು ಜಾರಿ ಬಲಗೈಯ ಎರಡು ಬೆರಳು ಜಜ್ಜಿಹೋದವು. ಕರ ಎಂದರೆ ಕೈ ಎಂದೂ ತೆರಿಗೆ ಎಂದೂ ನಿಘಂಟು ಹೇಳುತ್ತದೆ. ಒಂದು ವರ್ಷ ಒಂದು, ಮರುವರ್ಷ ಇನ್ನೊಂದು ಎಂದು ತಂದೆಯವರೇ ನಗೆಯಾಡಿದರು, ನಾನೇ ಅವರಿಗೆ ಆ ಅರ್ಥಗಳನ್ನು ಹೇಳಿಕೊಟ್ಟಿದ್ದೆ. ಗಾಡಿಯ ಯಜಮಾನರು ಆಸ್ಪತ್ರೆಗೆ ₹3,000 ಕಳುಹಿಸಿದರು. ನಾನು ಫೋನಿನಲ್ಲಿ ಪರಿಹಾರದ ಮಾತೆತ್ತಿದಾಗ, "ಅವರು ನಮ್ಮ ನೌಕರರಲ್ಲವ್ವಾ, ಟ್ರಿಪ್ಪಿನ ಲೆಕ್ಕದ ಮೇಲೆ ಬಂದವರು. ಅವರ ಕೆಲಸಕ್ಕೆ ಅವರೇ ಮಾಲೀಕರು" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅವರು ಅದನ್ನು ನಿಜವೆಂದೇ ನಂಬಿದ್ದರು.

ಅದು ನಿಜವಲ್ಲ. 1923ರ ನೌಕರರ ಪರಿಹಾರ ಕಾಯಿದೆಯಲ್ಲಿ ಮೋಟಾರು ವಾಹನದ ಚಾಲಕ, ಸಹಾಯಕ, ಮೆಕ್ಯಾನಿಕ್, ಕ್ಲೀನರ್ ಎಂದು ಹೆಸರು ಹಿಡಿದೇ ಬರೆದಿತ್ತು. ತಾತ್ಕಾಲಿಕ ಕೆಲಸದವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ತೆಗೆದುಹಾಕಿತು. ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಬರೆಸಿಕೊಂಡರೂ ಅದು ಸಲ್ಲದು. ಅಪಘಾತವಾದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಈ ಕಾಯಿದೆಯ ವಿಷಯವೂ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ನೌಕರನೋ ಸ್ವತಂತ್ರನೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಬಹು ಹಿಂದೆಯೇ ಉತ್ತರ ಹೇಳಿದೆ. ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಎಂಬ ಸಂಸ್ಥೆಯ ಉಪ್ಪಿನ ಮಡಿಗಳಲ್ಲಿ ಅಗರಿಯಾ ಎಂಬ ಜನ ಕಾಲಕಾಲಕ್ಕೆ ಬಂದು ದುಡಿಯುತ್ತಿದ್ದರು. ಹಾಜರಿ ಪುಸ್ತಕವಿಲ್ಲ, ಗಂಟೆಯ ಲೆಕ್ಕವಿಲ್ಲ, ಕೂಲಿ ಮಣದ ಲೆಕ್ಕದಲ್ಲಿ. ತಮ್ಮ ಹೆಂಡಿರು ಮಕ್ಕಳನ್ನೂ ಬೇರೆ ಆಳುಗಳನ್ನೂ ಸೇರಿಸಿಕೊಂಡು ದುಡಿಯುತ್ತಿದ್ದರು. ಇವರು ಗುತ್ತಿಗೆದಾರರೆಂದು ಸಂಸ್ಥೆ ವಾದಿಸಿತು. ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳುವ ಅಧಿಕಾರ ಯಾರ ಕೈಯಲ್ಲಿದೆಯೆಂದು ನೋಡಬೇಕೆಂದು ಹೇಳಿ, ಅವರು ಕಾರ್ಮಿಕರೇ ಎಂದು ಕೋರ್ಟು ತೀರ್ಪಿತ್ತಿತು. ಈ ತೀರ್ಪು 1957ರ ವರದಿಗಳಲ್ಲಿ ಅಚ್ಚಾಗಿದೆ. ಯಾವ ಸರಕು, ಯಾವ ದಾರಿ, ಯಾವ ಹೊತ್ತಿಗೆ ತಲುಪಬೇಕು ಎಂಬುದೆಲ್ಲವನ್ನೂ ಫೋನಿನ ಮೇಲೆ ಗಂಟೆಗೊಮ್ಮೆ ಅಪ್ಪಣೆ ಮಾಡುವವರು ಒಬ್ಬರಿದ್ದು, ಗಾಡಿಯೂ ಅವರದೇ ಆಗಿರುವಾಗ, ಚಕ್ರ ಹಿಡಿದವನು ಮಾಲೀಕನಾಗುವುದು ಹೇಗೆ?

ಹಕ್ಕು ಇದೆ, ಕಾಗದವಿಲ್ಲ. ಇದೇ ಇಡೀ ವಿಷಯದ ಗಂಟು. ಹಣ ಕೈಯಿಂದ ಕೈಗೆ ಬಂದಿತ್ತು. ಹಿಂದೆ ಚಾಲಕನ ಅಂಗಿಯ ಜೇಬಿನಲ್ಲಿ ಟೋಲಿನ ಚೀಟಿಗಳಾದರೂ ಇರುತ್ತಿದ್ದವು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಅವೂ ಇಲ್ಲವಾದವು. ಗಾಡಿ ದಾಟಿದ ಸಂದೇಶ ಯಜಮಾನರ ಫೋನಿಗೆ ಹೋಗುತ್ತದೆ. ತಂದೆ ಆ ರಾತ್ರಿ ಆ ಗಾಡಿಯ ಮೇಲೆ ಇದ್ದರೆಂಬುದಕ್ಕೆ ನಮ್ಮ ಬಳಿ ಉಳಿದದ್ದು, ಆಸ್ಪತ್ರೆಯ ದಾಖಲೆಯಲ್ಲಿ ಯಾರೋ ಪುಣ್ಯಾತ್ಮರು ಬರೆದ ಗಾಡಿಯ ಸಂಖ್ಯೆಯೊಂದೇ.

ಆದುದರಿಂದ ನನ್ನ ಸೂಚನೆ ಬಹಳ ಸಣ್ಣದು. ಪ್ರತಿಯೊಂದು ಟ್ರಿಪ್ಪಿಗೂ ಒಂದು ಚೀಟಿ ಇರಬೇಕು. ಗಾಡಿಯ ಸಂಖ್ಯೆ, ದಿನಾಂಕ, ಎಲ್ಲಿಂದ ಎಲ್ಲಿಗೆ, ಒಪ್ಪಿದ ಕೂಲಿ, ಬಾಟಾ, ಮುಂಗಡ, ಚಾಲಕನ ಪ್ಯಾನ್ ಸಂಖ್ಯೆ, ಯಜಮಾನರ ಸಹಿ. ಕೂಲಿ ಬ್ಯಾಂಕಿಗೆ ಬರಬೇಕು. ಡೀಸೆಲ್ಲಿನ ಹಣವನ್ನು ಕೂಲಿಯೊಡನೆ ಬೆರೆಸಬಾರದು. ಬೆರೆಸಿದರೆ ನೋಡುವವರಿಗೆ ಅವನ ವರಮಾನ ಇದ್ದುದಕ್ಕಿಂತ ಮೂರು ಪಟ್ಟು ಕಾಣುತ್ತದೆ, ತಾಯಿಯ ಕಾರ್ಡಿನ ಭಯ ಆಗ ನಿಜವಾದೀತು. ಇದನ್ನು ಕಡ್ಡಾಯ ಮಾಡಬೇಕಾದವರು ಸರ್ಕಾರದವರು. 2024ರ ಕಾಯಿದೆಯಿಂದ ಕರ್ನಾಟಕದಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರಿಗೆಂದೇ ಒಂದು ಕಲ್ಯಾಣ ಮಂಡಳಿ ಆಗಿದೆ. ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ ₹5,00,000 ದೊರೆಯುತ್ತದೆ. ಅದರ ನಿಧಿಗಾಗಿ ಹೊಸ ಬೈಕಿಗೆ ₹500, ಹೊಸ ಕಾರಿಗೆ ₹1,000 ಸೆಸ್ಸು ಹಾಕಲು 2024ರ ಡಿಸೆಂಬರಿನಲ್ಲಿ ಶಾಸನವೂ ಆಯಿತು. ನಮ್ಮ ಸಹಪಾಠಿಗಳಲ್ಲಿ ಹೊಸ ಬೈಕು ಕೊಂಡವರು ತಾವೂ ಇದಕ್ಕೆ ದಾನಿಗಳೆಂದು ತಿಳಿಯಲಿ! ಆದರೆ ಹೆಸರು ನೋಂದಾಯಿಸದವನಿಗೆ ಮಂಡಳಿ ಇದ್ದೂ ಇಲ್ಲ. ನಮ್ಮ ಓಣಿಯಲ್ಲಿ ಲೈಸೆನ್ಸು ಇರುವ ಒಂಬತ್ತು ಜನರನ್ನು ನಾನು ಕೇಳಿದೆ. ಇಬ್ಬರಿಗೆ ಮಾತ್ರ ಮಂಡಳಿಯ ಹೆಸರು ಗೊತ್ತಿತ್ತು.

ಯಜಮಾನರ ಕಷ್ಟವನ್ನೂ ನಾನು ಬಲ್ಲೆ. ಒಂದೆರಡು ಗಾಡಿ ಇಟ್ಟವರು ಕಂತು, ವಿಮೆ, ಟೋಲು, ಡೀಸೆಲ್ಲುಗಳ ನಡುವೆ ಅರೆದುಹೋಗುತ್ತಿದ್ದಾರೆ. 2025ರ ಏಪ್ರಿಲಿನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ಡೀಸೆಲ್ಲಿನ ಮೇಲಿನ ಕರ ಏರಿದ್ದಕ್ಕಾಗಿಯೇ. ಆದರೆ ಚೀಟಿ ಬರೆಯುವುದಕ್ಕೆ ಡೀಸೆಲ್ಲು ಬೇಕಿಲ್ಲ. ಚಾಲಕನ ಹೊಣೆಯನ್ನು ಗಾಡಿಯ ವಿಮೆಯೊಳಗೇ ಸೇರಿಸುವ ಏರ್ಪಾಡು ಇರುವುದರಿಂದ, ಅವನನ್ನು ನೌಕರನೆಂದು ಒಪ್ಪಿಕೊಂಡರೆ ಪರಿಹಾರ ಬಹುಪಾಲು ವಿಮಾ ಕಂಪನಿಯಿಂದ ಬರುತ್ತದೆ. ಇದು ಅನೇಕ ಯಜಮಾನರಿಗೆ ತಿಳಿಯದು.

ನಮ್ಮ ಕಾಲೇಜಿನಲ್ಲಿ ಎನ್.ಎಸ್.ಎಸ್. ಶಿಬಿರವೆಂದರೆ ಗುಡಿಯ ಮುಂದೆ ಕಸ ಗುಡಿಸುವುದು, ಗಿಡ ನೆಡುವುದು. ಅದೂ ಬೇಕು. ಆದರೆ ಒಂದು ಭಾನುವಾರ ನಾವು ನಾಲ್ಕಾರು ಜನ ಉಜ್ಜಿನಿಯಲ್ಲೋ ಕೊಟ್ಟೂರಿನಲ್ಲೋ ಮೇಜು ಹಾಕಿಕೊಂಡು ಕುಳಿತು, ಚಾಲಕರ 26ಎಎಸ್ ಪಟ್ಟಿ ತೆಗೆದುಕೊಡುವುದು, ಮಂಡಳಿಯ ಅರ್ಜಿ ತುಂಬುವುದು ಮಾಡಿದರೆ ಆಗದೇ? ಗುರುಗಳು ಒಪ್ಪಿದ್ದಾರೆ. ಹೆಸರು ಕೊಡುವವರು ನನ್ನನ್ನು ಕಾಣಬಹುದು.

2025ರ ದಸರೆಯ ನಂತರ ತಂದೆ ಮತ್ತೆ ಗಾಡಿ ಹತ್ತಿದರು; ಎರಡು ಬೆರಳು ಮಡಿಚುವುದಿಲ್ಲ, ಗೇರು ಹಾಕುವುದಕ್ಕೆ ಅಡ್ಡಿಯಿಲ್ಲವೆನ್ನುತ್ತಾರೆ. ಹೊರಡುವ ಮುನ್ನ ನನ್ನ ನೋಟುಬುಕ್ಕಿನ ಹಾಳೆಗಳಿಗೆ ಗೆರೆ ಎಳೆದು ಚೀಟಿಯ ಒಂದು ಕಟ್ಟು ಮಾಡಿ ಕೊಟ್ಟೆ. ಇದುವರೆಗೆ ಹನ್ನೊಂದು ಟ್ರಿಪ್ಪು ಆಗಿದೆ. ಏಳು ಚೀಟಿಗಳಿಗೆ ಸಹಿ ಬಿದ್ದಿದೆ. ಮೂರನ್ನು ಯಜಮಾನರು ನಕ್ಕು ಹಿಂದಿರುಗಿಸಿದರು. ಒಂದನ್ನು ಕೇಳುವುದಕ್ಕೆ ತಂದೆಯವರೇ ಸಂಕೋಚಪಟ್ಟರಂತೆ. ಬೆರಳಿನ ಅರ್ಜಿಗೆ 2027ರ ಜನವರಿಯವರೆಗೆ ಕಾಲವಿದೆ.